ಬ್ಯಾಡಗಿ ಮೆಣಸಿನಕಾಯಿ ಮತ್ತು ಕಟ್ಲ್‌ಫಿಶ್ಶಿನ ತಾಳ್ಮೆ

ಮಗಳ ಹಟಕ್ಕೆ ಮಣಿದು ತಂದ ಎರಡು ಲವ್ ಬರ್ಡ್ಸ್ ನಮ್ಮ ಹುಬ್ಬಳ್ಳಿ ಮನೆಯ ವರಾಂಡದಲ್ಲಿವೆ. ಪಂಜರ ಕೊಂಡ ದಿನ ಅಂಗಡಿಯವನು ಅಂಗೈಯುದ್ದದ, ದೋಣಿಯಾಕಾರದ ಒಂದು ಬಿಳಿ ತುಂಡನ್ನೂ ಕೈಗಿಟ್ಟು, "ಸರಳಿಗೆ ಸಿಕ್ಕಿಸಿಡಿ, ಕೊಕ್ಕು ತೀಡಿಕೊಳ್ಳುತ್ತವೆ, ಮೈಗೆ ಸುಣ್ಣದ ಅಂಶವೂ ಸಿಗುತ್ತದೆ" ಎಂದಿದ್ದ. ಗಾರೆಯಿಂದ ಮಾಡಿದ್ದೇನೋ ಎಂದುಕೊಂಡು ಸಿಕ್ಕಿಸಿ ಮರೆತುಬಿಟ್ಟಿದ್ದೆ. ಮಳೆಗಾಲ ಕಳೆಯಲು ಊರಿನಿಂದ ಬಂದ ಅಪ್ಪ ಅದನ್ನು ಹೊರತೆಗೆದು ಮೂಸಿದ, ಉಗುರಿನಿಂದ ಕೆರೆದ.

"ತಮ್ಮಾ, ಇದು ಸಮುದ್ರಫೇನ. ಕಿವಿ ಸೋರಿದರೆ ನಿಮ್ಮ ಅಜ್ಜಿ ಇದರ ಪುಡಿ ಹಾಕುತ್ತಿದ್ದಳು. ಕಡಲಿನ ನೊರೆ ಒಣಗಿ ಗಟ್ಟಿಯಾದದ್ದು."

ಅಪ್ಪನಿಗೆ 78 ವರ್ಷ. ಕಡಲನ್ನು ಕಂಡದ್ದು ಒಮ್ಮೆ ಮಾತ್ರ, ಗೋಕರ್ಣದಲ್ಲಿ. ಮಗಳಿಗೆ ಅಜ್ಜನ ಮಾತಿನ ಮೇಲೆ ಅನುಮಾನ ಬಂದು ಮೊಬೈಲ್ ತೆರೆದಳು. ನೊರೆಯಲ್ಲವಂತೆ. ಕಟ್ಲ್‌ಫಿಶ್ ಎಂಬ ಪ್ರಾಣಿಯ ಮೈಯೊಳಗಿನ ಚಿಪ್ಪಂತೆ. ನಮ್ಮ ಕರಾವಳಿಯಲ್ಲಿ ಕಪ್ಪೆ ಬೊಂಡಾಸ್ ಎಂದು ಕರೆದು ಸಾರು ಮಾಡುವುದು ಇದನ್ನೇ. ಹೆಸರಿನಲ್ಲಿ ಫಿಶ್ ಇದ್ದರೂ ಮೀನಲ್ಲ, ಬಸವನಹುಳುವಿನ ದೂರದ ಬಂಧು. ಬಸವನಹುಳು ಚಿಪ್ಪನ್ನು ಬೆನ್ನ ಮೇಲೆ ಹೊತ್ತಿದೆ, ಇದು ಒಳಗೆ ಇಟ್ಟುಕೊಂಡಿದೆ. ಚಿಪ್ಪಿನ ತುಂಬ ಸಣ್ಣ ಸಣ್ಣ ಕೋಣೆಗಳಿದ್ದು, ಅವುಗಳಲ್ಲಿನ ಗಾಳಿ ಮತ್ತು ದ್ರವದ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿಕೊಂಡು ಪ್ರಾಣಿ ನೀರಿನಲ್ಲಿ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ.

ನಾನು ಜೀವಶಾಸ್ತ್ರ ಓದಿದವನಲ್ಲ. ಬ್ಯಾಂಕೊಂದರಲ್ಲಿ ಕೃಷಿ ಸಾಲದ ಕಡತಗಳನ್ನು ನೋಡುವವನು. ಆದರೂ ಆ ರಾತ್ರಿ ಹನ್ನೆರಡರವರೆಗೆ ಓದಿದೆ. ಆಮೇಲೆ ಒಂದು ವಾರ ರಾತ್ರಿ ಊಟವಾದ ಬಳಿಕ ನಾನು ಓದಿದ್ದನ್ನು ಅಪ್ಪನಿಗೆ ಹೇಳುವುದು, ಅಪ್ಪ ಎಲೆಯಡಿಕೆ ಹಾಕಿಕೊಂಡು ಅಡ್ಡಪ್ರಶ್ನೆ ಕೇಳುವುದು ನಡೆಯಿತು.

ಮೊದಲು ಹೇಳಿದ್ದು ಆಕ್ಟೋಪಸ್ಸಿನ ಕಥೆಗಳನ್ನು, ಏಕೆಂದರೆ ಅವು ಸುಲಭ. ನ್ಯೂಜಿಲೆಂಡಿನ ನೇಪಿಯರ್ ಎಂಬ ಊರಿನ ಅಕ್ವೇರಿಯಂನಲ್ಲಿ ಇಂಕಿ ಎಂಬ ಆಕ್ಟೋಪಸ್ ತೊಟ್ಟಿಯಿಂದ ಹೊರಬಿದ್ದು, ನೆಲದ ಮೇಲೆ ತೆವಳಿ, ನೀರು ಹರಿದುಹೋಗುವ ಕೊಳವೆ ಹಿಡಿದು ಕಡಲು ಸೇರಿದ ಸುದ್ದಿ 2016ರಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅಪ್ಪನಿಗೆ ಅದಕ್ಕಿಂತ ಹಿಡಿಸಿದ್ದು ಚಾರ್ಲ್ಸ್. ಪೀಟರ್ ಡ್ಯೂಸ್ ಎಂಬ ವಿಜ್ಞಾನಿ ಇಟಲಿಯ ನೇಪಲ್ಸ್‌ನಲ್ಲಿ ಮೂರು ಆಕ್ಟೋಪಸ್‌ಗಳಿಗೆ ಸನ್ನೆಕೋಲು ಎಳೆದರೆ ಮೀನಿನ ತುಂಡು ಸಿಗುತ್ತದೆ ಎಂದು ಕಲಿಸಲು ಹೊರಟು, ನಡೆದದ್ದನ್ನು 1959ರಲ್ಲಿ ಪ್ರಕಟಿಸಿದ. ಆಲ್ಬರ್ಟ್ ಮತ್ತು ಬರ್ಟ್ರಾಮ್ ಹೇಳಿದಂತೆ ಕೇಳಿದವು. ಚಾರ್ಲ್ಸ್ ಮಾತ್ರ ತೊಟ್ಟಿಯ ಮೇಲಿನ ದೀಪವನ್ನು ಹಿಡಿದು ನೀರಿಗೆಳೆಯಿತು, ಸನ್ನೆಕೋಲನ್ನು ಮುರಿಯಿತು, ಹತ್ತಿರ ಬಂದವರ ಮುಖಕ್ಕೆ ನೀರು ಚಿಮ್ಮಿಸಿತು. "ನಮ್ಮ ಓಣಿಯಲ್ಲೂ ಅಂಥವನೊಬ್ಬ ಇದ್ದ" ಎಂದು ಅಪ್ಪ ಅರ್ಧ ಗಂಟೆ ಅವನ ಕಥೆ ಹೇಳಿದ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಆಕ್ಟೋಪಸ್ಸಿನ ಮೈಯಲ್ಲಿ ಸುಮಾರು 50 ಕೋಟಿ ನರಕೋಶಗಳಿವೆ. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ತಲೆಯಲ್ಲಿಲ್ಲ, ತೋಳುಗಳಲ್ಲಿವೆ. ಕೂಡುಕುಟುಂಬದ ಯಜಮಾನ "ಮೂಡಣ ಹೊಲಕ್ಕೆ ಹೋಗಿ" ಎಂದು ಹೇಳಿ ಸುಮ್ಮನಾಗುತ್ತಾನೆ. ಯಾವ ಸಾಲು ಮೊದಲು, ಯಾವ ಕಳೆ ಕೀಳಬೇಕು ಎಂಬುದನ್ನು ಹೋದವರೇ ನೋಡಿಕೊಳ್ಳುತ್ತಾರೆ. ಇದೂ ಹಾಗೆ. ಈ ಪ್ರಾಣಿಗಳ ಮತ್ತು ನಮ್ಮ ಸಮಾನ ಪೂರ್ವಜ 50 ಕೋಟಿ ವರ್ಷಗಳಿಗೂ ಹಿಂದೆ ಬದುಕಿದ್ದ ಹುಳುವಿನಂಥ ಯಾವುದೋ ಜೀವಿ. ಅಲ್ಲಿಂದೀಚೆಗೆ ಅವುಗಳ ಮಿದುಳು ಬೇರೆ, ನಮ್ಮ ಮಿದುಳು ಬೇರೆ.

ಕಟ್ಲ್‌ಫಿಶ್ ಇಷ್ಟು ತಂಟೆಯದಲ್ಲ. ಎಂಟು ತೋಳು, ಬೇಟೆಗೆಂದು ಚಿಮ್ಮುವ ಎರಡು ಉದ್ದನೆಯ ಬಾಹು, ಇಂಗ್ಲಿಷಿನ ಡಬ್ಲ್ಯೂ ಅಕ್ಷರದಂತೆ ಬಾಗಿದ ಕಣ್ಣಪಾಪೆ, ಮೂರು ಹೃದಯ, ತಾಮ್ರದ ಕಾರಣಕ್ಕೆ ನೀಲಿಯಾದ ರಕ್ತ. ಬಣ್ಣ ಗುರುತಿಸಲಾರದ ಕಣ್ಣಿದ್ದೂ ಸುತ್ತಲಿನ ಬಣ್ಣಕ್ಕೆ ಮೈ ಹೊಂದಿಸುತ್ತದೆ. ಬದುಕಿನ ಬಹುಪಾಲು ಅದು ಮಾಡುವುದು ಒಂದೇ ಕೆಲಸ: ಮರಳಿನಂತೆ ಮರಳಾಗಿ, ಪಾಚಿಯಂತೆ ಪಾಚಿಯಾಗಿ, ಅಲುಗದೆ ಕೂರುವುದು. ಕದಲಿದರೆ ದೊಡ್ಡ ಮೀನಿನ ಬಾಯಿ ಕಾದಿರುತ್ತದೆ. ಹಾಗಾಗಿ ಯಾವ ಊಟಕ್ಕೆ ಯಾವಾಗ ಏಳಬೇಕು ಎಂಬುದು ಅದರ ಪಾಲಿಗೆ ಜೀವದ ಪ್ರಶ್ನೆ.

ಸೀಗಡಿಯನ್ನು ಗಾಜಿನ ಕೊಳವೆಯೊಳಗಿಟ್ಟು ಎದುರಿಗೆ ಹಿಡಿದರೆ ಕಟ್ಲ್‌ಫಿಶ್ ಬಾಹು ಚಿಮ್ಮಿಸಿ ಗಾಜಿಗೆ ಹೊಡೆಯುತ್ತದೆ. ಮತ್ತೆ ಹೊಡೆಯುತ್ತದೆ. ಕೆಲವು ಸಲ ಪೆಟ್ಟು ವ್ಯರ್ಥವಾದ ಮೇಲೆ ಸೀಗಡಿ ಕಣ್ಣೆದುರೇ ಕುಣಿಯುತ್ತಿದ್ದರೂ ಸುಮ್ಮನಾಗುತ್ತದೆ. 1970ರ ದಶಕದಲ್ಲೇ ಇದನ್ನು ಎಚ್ಚರದಿಂದ ಅಳೆದು ಬರೆದಿದ್ದಾರೆ. ಇಷ್ಟನ್ನು ಬೀದಿನಾಯಿಯೂ ಕಲಿಯುತ್ತದೆ ಎನ್ನಬಹುದು. ಮುಂದಿನದನ್ನು ಓದಿದಾಗ ನಾನು ನೆಟ್ಟಗೆ ಕುಳಿತೆ.

2021ರಲ್ಲಿ ಅಲೆಕ್ಸಾಂಡ್ರಾ ಶ್ನೆಲ್ ಮತ್ತು ಸಂಗಡಿಗರು ಅಮೆರಿಕದ ವುಡ್ಸ್ ಹೋಲ್‌ನ ಕಡಲಜೀವಿಗಳ ಪ್ರಯೋಗಾಲಯದಲ್ಲಿ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಆರು ಕಟ್ಲ್‌ಫಿಶ್‌ಗಳು. ಪ್ರತಿಯೊಂದರ ಮುಂದೆ ಪಾರದರ್ಶಕ ಬಾಗಿಲಿನ ಎರಡು ಕೋಣೆಗಳು. ಒಂದರಲ್ಲಿ ದೊಡ್ಡ ಸೀಗಡಿಯ ಹಸಿ ತುಂಡು. ಅಷ್ಟೇನೂ ಇಷ್ಟವಲ್ಲ, ಆದರೆ ತಿನ್ನಬಹುದು. ಅದರ ಬಾಗಿಲು ಕೂಡಲೇ ತೆರೆಯುತ್ತದೆ. ಇನ್ನೊಂದರಲ್ಲಿ ಬಲು ಇಷ್ಟದ, ಜೀವಂತ ಸಣ್ಣ ಸೀಗಡಿ. ಆ ಬಾಗಿಲು ತಡವಾಗಿ ತೆರೆಯುತ್ತದೆ. ಬಾಗಿಲುಗಳ ಮೇಲೆ ಗುರುತುಗಳಿವೆ, ವೃತ್ತವೆಂದರೆ ಈಗಲೇ, ತ್ರಿಕೋನವೆಂದರೆ ಸ್ವಲ್ಪ ತಾಳು. ಗುರುತುಗಳ ಅರ್ಥವನ್ನು ಮೊದಲೇ ಕಲಿಸಲಾಗಿತ್ತು. ಹಸಿ ತುಂಡಿನ ಕಡೆ ಹೋದರೆ ಜೀವಂತ ಸೀಗಡಿ ಕೈತಪ್ಪುತ್ತದೆ.

ಆರೂ ಕಾದವು. ಗರಿಷ್ಠ ಕಾಯುವಿಕೆ ಒಂದೊಂದಕ್ಕೆ ಒಂದೊಂದು ತರ, 50 ಸೆಕೆಂಡುಗಳಿಂದ 130 ಸೆಕೆಂಡುಗಳವರೆಗೆ. ಎರಡು ನಿಮಿಷ ಕಡಿಮೆ ಎನಿಸಿದರೆ ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿಯ ಮುಂದೆ ಎರಡು ನಿಮಿಷ ಕೂತು ನೋಡಿ. ಕೆಲವು ಪ್ರಾಣಿಗಳು ಕಾಯುವಾಗ ಎದುರಿನ ತುಂಡಿನಿಂದ ಮೈ ತಿರುಗಿಸಿಕೊಂಡವಂತೆ, ನೋಡಿದರೆ ಆಸೆಯಾದೀತೆಂಬ ಹಾಗೆ. ಹೆಚ್ಚು ಹೊತ್ತು ಕಾಯಬಲ್ಲವು ಬೇರೊಂದು ಕಲಿಕೆಯ ಪರೀಕ್ಷೆಯಲ್ಲಿಯೂ ಮುಂದಿದ್ದವು. ಬೂದು ಮತ್ತು ಬಿಳಿ ಗುರುತುಗಳಲ್ಲಿ ಯಾವುದಕ್ಕೆ ಊಟ ಎಂದು ಕಲಿಸಿ, ಆಮೇಲೆ ನಿಯಮವನ್ನು ತಿರುವುಮುರುವು ಮಾಡಿದರೆ, ಹಳೆಯದನ್ನು ಬಿಟ್ಟು ಹೊಸದನ್ನು ಬೇಗ ಹಿಡಿದವು ಅವೇ.

ನಾನು ಹುಮ್ಮಸ್ಸಿನಲ್ಲಿ, "ನೋಡು ಅಪ್ಪಾ, ತಾಳಿದವನು ಬಾಳಿಯಾನು ಎಂಬುದು ಕಡಲಿನಲ್ಲೂ ನಿಜ" ಎಂದೆ.

ಅಪ್ಪ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದ. "ಬಾಗಿಲು ತೆರೆಯದೇ ಹೋದರೆ?"

"ಅಂದರೆ?"

"ತೆರೆಯುತ್ತದೆ ಎಂದು ಗೊತ್ತಿತ್ತು, ಕಾದವು. ತೆರೆಯದ ಬಾಗಿಲಿನ ಮುಂದೆಯೂ ಕಾಯುತ್ತವೆಯೇ? ಅದನ್ನು ನೋಡಿದ್ದಾರೆಯೇ ನಿನ್ನ ವಿಜ್ಞಾನಿಗಳು?"

ಮತ್ತೆ ಓದಿದೆ. ನೋಡಿದ್ದರು. ಮೂರನೆಯ ಗುರುತೊಂದಿತ್ತು, ಚೌಕ. ಚೌಕವಿದ್ದ ಬಾಗಿಲು ತೆರೆಯುವುದೇ ಇಲ್ಲ. ಒಳಗೆ ಅದೇ ಇಷ್ಟದ ಜೀವಂತ ಸೀಗಡಿ ಕಾಣುತ್ತಿದ್ದರೂ ಚೌಕ ಕಂಡೊಡನೆ ಕಟ್ಲ್‌ಫಿಶ್‌ಗಳು ಕಾಯುವ ಗೋಜಿಗೆ ಹೋಗದೆ ಹಸಿ ತುಂಡನ್ನು ತಿಂದವು. ಅವೇ ಪ್ರಾಣಿಗಳು, ಅವೇ ತಿನಿಸುಗಳು. ಬದಲಾದದ್ದು ಗುರುತು ಮಾತ್ರ.

ಇದನ್ನು ಮರುದಿನ ಹೇಳಿದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನೂ ಒಂದು ವರ್ಷ ಕಾದಿದ್ದೆ" ಎಂದ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಾವೇರಿ ಜಿಲ್ಲೆಯ ನಮ್ಮ ಊರಿನಲ್ಲಿ ನಮ್ಮದು ನಾಲ್ಕು ಎಕರೆ ಎರೆ ಹೊಲ, ಮಳೆ ನಂಬಿದ ಬೇಸಾಯ, ಬ್ಯಾಡಗಿ ಮೆಣಸಿನಕಾಯಿ. ಕಡ್ಡಿಯಂತೆ ಉದ್ದ, ಮೈಯೆಲ್ಲ ಸುಕ್ಕು, ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಈ ಕಾಯಿಗೆ ಬೆಲೆ ಬರುವುದು ಬಣ್ಣದಿಂದ. ಇದರ ಬಣ್ಣ ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿನವರೆಗೂ ಹೋಗುತ್ತದೆ. ಅಪ್ಪ ಕಣದಲ್ಲಿ ಕಾಯಿ ಒಣಗುತ್ತಿದ್ದಂತೆಯೇ ಚೀಲ ತುಂಬಿ ಬ್ಯಾಡಗಿಗೆ ಒಯ್ದು, ಅಂದಿನ ಟೆಂಡರಿನಲ್ಲಿ ಏನು ಬರೆದರೋ ಅದಕ್ಕೆ ಮಾರಿ, ಸಂಜೆಯೊಳಗೆ ಮನೆಗೆ ಬರುತ್ತಿದ್ದ. ದೊಡ್ಡಪ್ಪ ಹಾಗಲ್ಲ. ತಿಂಗಳುಗಟ್ಟಲೆ ಇಟ್ಟು, ದರ ಏರಿದಾಗ ಮಾರುತ್ತಿದ್ದ. ದೊಡ್ಡಪ್ಪನಿಗೆ ಬೋರ್‌ವೆಲ್ ಇತ್ತು, ಹಿರಿಮಗನ ಸರ್ಕಾರಿ ಸಂಬಳ ಇತ್ತು. ಊರವರು ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಣ್ಣನಿಗೆ ತಾಳ್ಮೆ, ತಮ್ಮನಿಗೆ ಆತುರ ಎಂದು ಕಟ್ಟೆಯ ಮೇಲೆ ತೀರ್ಮಾನವಾಗಿತ್ತು. ನಾನೂ ಅದನ್ನೇ ನಂಬಿ ಬೆಳೆದೆ. ಅಪ್ಪನ ಆತುರದಿಂದ ನಾವು ಹಿಂದುಳಿದೆವು ಎಂದು ಕಾಲೇಜಿನ ದಿನಗಳಲ್ಲಿ ಒಮ್ಮೆ ಅವನ ಮುಖಕ್ಕೇ ಹೇಳಿದ್ದೂ ಇದೆ.

ಅಪ್ಪ ಕಾದ ವರ್ಷ ನನಗೆ ನಾಲ್ಕೋ ಐದೋ. ದಲಾಲಿಯೊಬ್ಬ, "ಯುಗಾದಿ ದಾಟಲಿ, ದರ ಏರುತ್ತದೆ, ಈಗ ತರಬೇಡ" ಎಂದಿದ್ದ. ಅಪ್ಪ ಪಡಸಾಲೆಯಲ್ಲಿ ಚೀಲಗಳನ್ನು ಒಟ್ಟಿದ. ಆಗ ಶೀತಲಗೃಹಗಳ ಮಾತು ನಮ್ಮಂಥವರ ಕಿವಿಗೆ ಬಿದ್ದಿರಲಿಲ್ಲ. ನಡುವೆ ಅಕಾಲದ ಮಳೆ ಹೊಡೆಯಿತು, ಮಾಳಿಗೆ ಸೋರಿತು. ತೇವ ತಾಗಿದ ಕಾಯಿಯ ಬಣ್ಣ ಮಾಸಿತು. ಯುಗಾದಿಯ ಹೊತ್ತಿಗೆ ಎಲ್ಲರೂ ಕಾದು ತಂದದ್ದರಿಂದ ಮಾರುಕಟ್ಟೆ ತುಂಬಿ ದರವೂ ಬಿತ್ತು. "ನಾನು ಹಾಗೆ ಹೇಳಿಯೇ ಇಲ್ಲ" ಎಂದನಂತೆ ದಲಾಲಿ. ಅಕ್ಕನ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ಅದು ಹೋದದ್ದು ನನಗೆ ನೆನಪಿದೆ, ಏಕೆ ಎಂದು ಯಾರೂ ಹೇಳಿರಲಿಲ್ಲ.

"ಆಮೇಲೆ ನನಗೆ ಆ ಚೌಕವೇ ಕಾಣುತ್ತಿತ್ತು" ಎಂದ ಅಪ್ಪ.

ಮನುಷ್ಯರ ಮಕ್ಕಳ ಮೇಲೆ ನಡೆದ ಪ್ರಯೋಗ ಇದಕ್ಕಿಂತ ಹಳೆಯದು, ಪ್ರಸಿದ್ಧವೂ ಹೌದು. ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಯಿಂದ ಶಿಶುವಿಹಾರದ ಮಕ್ಕಳ ಮುಂದೆ ಮಾರ್ಶ್‌ಮ್ಯಾಲೊದಂಥ ಸಿಹಿ ಇಟ್ಟು, ನಾನು ಬರುವವರೆಗೆ ತಿನ್ನದಿದ್ದರೆ ಎರಡು ಎಂದು ಹೇಳಿ ಹೋಗುತ್ತಿದ್ದ. (ಧಾರವಾಡದಲ್ಲಿ ಫೇಡೆ ಇಟ್ಟು ನಡೆಸಿದ್ದರೆ ಪ್ರಯೋಗ ಮೊದಲ ನಿಮಿಷದಲ್ಲೇ ಮುಗಿಯುತ್ತಿತ್ತು.) ಕಾದ ಮಕ್ಕಳು ದೊಡ್ಡವರಾದ ಮೇಲೆ ಓದಿನಲ್ಲಿ ಮುಂದೆ ಬಂದರು ಎಂದು ಮುಂದಿನ ವರದಿಗಳು ಹೇಳಿದವು. ಪಾಲಕರ ಸಭೆಗಳಲ್ಲಿ ಭಾಷಣಕಾರರು ಇಂದಿಗೂ ಇದನ್ನು ಹೇಳುತ್ತಾರೆ. 2018ರಲ್ಲಿ ಹೆಚ್ಚು ಮಕ್ಕಳನ್ನು ಇಟ್ಟುಕೊಂಡು ಮರಳಿ ನೋಡಿದಾಗ, ಮನೆಯ ಸ್ಥಿತಿಗತಿಗಳನ್ನು ಲೆಕ್ಕಕ್ಕೆ ಹಿಡಿದರೆ ಆ ನಂಟು ಬಹಳಷ್ಟು ಸೊರಗುತ್ತದೆ ಎಂದು ಕಂಡಿತು. ಭಾಷಣಕಾರರು ಇದನ್ನು ಹೇಳುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಪ್ರಯೋಗ. ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಸಿಹಿ ಇಡುವ ಮೊದಲು ಮಕ್ಕಳಿಗೆ ಬೇರೊಂದು ಮಾತು ಕೊಟ್ಟರು: ಒಳ್ಳೆಯ ಬಣ್ಣದ ಕಡ್ಡಿಗಳನ್ನು ತಂದುಕೊಡುತ್ತೇವೆ, ತಾಳು. ಅರ್ಧದಷ್ಟು ಮಕ್ಕಳಿಗೆ ತಂದುಕೊಟ್ಟರು. ಉಳಿದವರಿಗೆ, ಕ್ಷಮಿಸು, ಇಲ್ಲವಂತೆ ಎಂದರು. ಅದಾದ ಮೇಲೆ ಸಿಹಿ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡವರು ಸುಮಾರು 3 ನಿಮಿಷ. 2013ರಲ್ಲಿ ಇದು ಪ್ರಕಟವಾಯಿತು. ಆ ವರ್ಷ ನಾನು ರೈತರ ಸಭೆಗಳಲ್ಲಿ ನಿಂತು, "ಕಾಯಿಯನ್ನು ಶೀತಲಗೃಹದಲ್ಲಿಡಿ, ರಸೀದಿಯ ಮೇಲೆ ಸಾಲ ತೆಗೆದುಕೊಳ್ಳಿ, ಅವಸರ ಬಿಡಿ" ಎಂದು ಉಪದೇಶ ಮಾಡುತ್ತಿದ್ದೆ. ಒಂದು ಸಭೆಯಲ್ಲಿ ಹಿಂದಿನ ಸಾಲಿನ ಮುದುಕರೊಬ್ಬರು ಎದ್ದು, "ಸಾಹೇಬರೇ, ದರ ಏರುತ್ತದೆ ಎಂದು ನೀವು ಬರೆದುಕೊಡುತ್ತೀರಾ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ನಗಲಿಲ್ಲ ಎಂಬುದು ಈಗ ನೆನಪಾಗುತ್ತದೆ.

ತಾಳ್ಮೆ ಹುಟ್ಟುಗುಣ ಎನ್ನುವವರೊಂದಿಗೆ ನನ್ನ ಜಗಳ ಈಗ ಇಷ್ಟೇ. ಕಾಯುವವನನ್ನು ನೋಡುವ ಮೊದಲು ಅವನೆದುರು ಇದುವರೆಗೆ ಎಷ್ಟು ಬಾಗಿಲುಗಳು ತೆರೆದಿವೆ ಎಂದು ಎಣಿಸಬೇಕು. ಶೀತಲಗೃಹ ಕಾಯಿಯ ಬಣ್ಣವನ್ನು ಉಳಿಸುತ್ತದೆ, ಇಲ್ಲವೆನ್ನುವುದಿಲ್ಲ. ದರ ಅದರೊಳಗೆ ತಣ್ಣಗೆ ಕೂತಿರುವುದಿಲ್ಲ.

ಕಟ್ಲ್‌ಫಿಶ್ ಈ ಲೆಕ್ಕವನ್ನು ದಿನನಿತ್ಯದ ಊಟದಲ್ಲೂ ಹಾಕುತ್ತದೆ. ಫ್ರಾನ್ಸಿನ ಕಾನ್ ವಿಶ್ವವಿದ್ಯಾಲಯದ ಪೋಲಿನ್ ಬಿಲ್ಲಾರ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಕೆಲಸ ಇದು. ಹಗಲಿನಲ್ಲಿ ಏಡಿ ಕೊಡುವುದು, ರಾತ್ರಿ ಸೀಗಡಿ ಕೊಡುವುದು. ಕೆಲವಕ್ಕೆ ಪ್ರತಿ ರಾತ್ರಿ ತಪ್ಪದೆ ಸೀಗಡಿ, ಕೆಲವಕ್ಕೆ ಒಂದು ರಾತ್ರಿ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ, ಯಾವ ಕ್ರಮವೂ ಇಲ್ಲ. ಸೀಗಡಿ ಖಚಿತವಾಗಿದ್ದವು ಕೆಲವೇ ದಿನಗಳಲ್ಲಿ ಹಗಲಿನ ಏಡಿಯನ್ನು ಕಡಿಮೆ ಮಾಡಿ ಹೊಟ್ಟೆಯಲ್ಲಿ ಜಾಗ ಉಳಿಸಿಕೊಂಡವು. ನಂಬಿಕೆ ಇಲ್ಲದವು ಸಿಕ್ಕಿದ ಏಡಿಯನ್ನೆಲ್ಲ ತಿಂದವು. ಕ್ರಮವನ್ನು ಅದಲುಬದಲು ಮಾಡಿದಾಗ ಅವುಗಳ ಊಟವೂ ಅದಲುಬದಲಾಯಿತು. ರಾತ್ರಿ ಮದುವೆಮನೆಯಲ್ಲಿ ಗೋಧಿ ಹುಗ್ಗಿ ಇದೆ ಎಂದು ತಿಳಿದರೆ ನಮ್ಮ ಕಾಕಾ ಮಧ್ಯಾಹ್ನ ಒಂದೇ ರೊಟ್ಟಿಗೆ ಏಳುತ್ತಾನೆ. ಹುಗ್ಗಿಯೋ ಬರೀ ಅನ್ನ-ಸಾರೋ ತಿಳಿಯದಿದ್ದರೆ ನಾಲ್ಕು. ಕಾಕಾನಿಗೆ ಇದಕ್ಕಾಗಿ ಯಾರೂ ಪ್ರಬಂಧ ಬರೆದಿಲ್ಲ.

ಕೊನೆಗೆ ಹೇಳಿದ್ದು ನೆನಪಿನ ವಿಷಯ. ಅಪ್ಪನ ಎದುರು ಅದನ್ನು ಎತ್ತಲು ಸ್ವಲ್ಪ ಹಿಂಜರಿದೆ. ಏನು, ಎಲ್ಲಿ, ಯಾವಾಗ ಎಂಬ ಮೂರನ್ನೂ ಸೇರಿಸಿ ಒಂದು ಘಟನೆಯನ್ನು ನೆನಪಿಡುವ ಶಕ್ತಿ ನಮ್ಮಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗವನ್ನು ನಂಬಿಕೊಂಡಿದೆ. ವಯಸ್ಸಾದಂತೆ ಮೊದಲು ಸವೆಯುವುದೂ ಅದೇ ನೆನಪು. ಕನ್ನಡಕ ಎಲ್ಲಿಟ್ಟೆ, ಮಾತ್ರೆ ಯಾವಾಗ ನುಂಗಿದೆ. ಕಟ್ಲ್‌ಫಿಶ್ಶಿಗೆ ಹಿಪ್ಪೊಕ್ಯಾಂಪಸ್ ಇಲ್ಲ. ಅದರ ಕಲಿಕೆ ಮತ್ತು ನೆನಪಿನ ಕೆಲಸ ಲಂಬಪಾಲಿ ಎನ್ನಬಹುದಾದ ಬೇರೊಂದು ಭಾಗದಲ್ಲಿ ನಡೆಯುತ್ತದೆ. 2021ರಲ್ಲೇ ಶ್ನೆಲ್ ಮತ್ತು ಸಂಗಡಿಗರು ಒಂದು ವರ್ಷ ತುಂಬುತ್ತಿರುವ ಎಳೆಯ ಪ್ರಾಣಿಗಳನ್ನೂ, 22ರಿಂದ 24 ತಿಂಗಳ, ಅಂದರೆ ಸಾವಿನ ಹೊಸ್ತಿಲಿನಲ್ಲಿರುವ ಮುದಿ ಪ್ರಾಣಿಗಳನ್ನೂ ಪರೀಕ್ಷಿಸಿದರು. ಯಾವ ತಿನಿಸು ಎಲ್ಲಿ ಸಿಕ್ಕಿತ್ತು, ತಿಂದು ಎಷ್ಟು ಹೊತ್ತಾಯಿತು ಎಂದು ನೆನಪಿದ್ದರೆ ಮಾತ್ರ ಒಳ್ಳೆಯ ಊಟ. ಇಷ್ಟದ ಸೀಗಡಿ ಮತ್ತೆ ಸಿಗುವುದು ಮೂರು ಗಂಟೆಯ ಬಳಿಕ. ಜಾಗಗಳನ್ನು ದಿನದಿನಕ್ಕೆ ಬದಲಿಸುತ್ತಿದ್ದರು, ರೂಢಿಯಿಂದ ಗೆಲ್ಲುವಂತಿರಲಿಲ್ಲ. ಮುದಿಯವು ಎಳೆಯವುಗಳಷ್ಟೇ ಚೆನ್ನಾಗಿ ಮಾಡಿದವು. ಮೈಯ ಬಲ ಕುಂದಿತ್ತು, ಈ ನೆನಪು ಕುಂದಿರಲಿಲ್ಲ. ಯಾವ ಸಂಗಾತಿಯೊಡನೆ ಕೂಡಿದೆ ಎಂದು ನೆನಪಿಡಲು ಇದು ಬೇಕಿರಬಹುದು, ಏಕೆಂದರೆ ಅವು ಕೂಡುವುದು ಬದುಕಿನ ಕೊನೆಯ ಹಂತದಲ್ಲಿ ಎಂಬುದು ಸಂಶೋಧಕರ ಊಹೆ.

"ಎರಡು ವರ್ಷ ಬದುಕುವ ಪ್ರಾಣಿಗೆ ಮರೆಯಲು ಪುರುಸೊತ್ತಾದರೂ ಎಲ್ಲಿದೆ" ಎಂದ ಅಪ್ಪ. ಕನ್ನಡಕವನ್ನು ಹುಡುಕುತ್ತಿದ್ದ. ಅದು ಅವನ ತಲೆಯ ಮೇಲಿತ್ತು. ಆ ಯುಗಾದಿಯ ದರ ಮಾತ್ರ ಅವನಿಗೆ ರೂಪಾಯಿಗೆ ರೂಪಾಯಿ ನೆನಪಿದೆ.

ಊರಿಗೆ ಹೊರಡುವ ಹಿಂದಿನ ದಿನ ಅಪ್ಪ ಸಮುದ್ರಫೇನವನ್ನು ಮತ್ತೆ ಪಂಜರದಿಂದ ತೆಗೆದ. ಹಕ್ಕಿಗಳು ಒಂದು ಕಡೆಯಿಂದ ಕುಕ್ಕಿ ಕುಕ್ಕಿ ಒಳಗಿನ ಪದರುಗಳು ಕಾಣುತ್ತಿದ್ದವು, ಕಾಗದದ ಅಂಚುಗಳಂತೆ ತೆಳ್ಳಗೆ, ಒಂದರ ಮೇಲೊಂದು. ಪ್ರಾಣಿ ಬೆಳೆದಂತೆ ಪದರು ಸೇರುತ್ತ ಹೋಗುತ್ತದೆ, ಹೊಟ್ಟೆಗೆ ಸಾಲದ ದಿನಗಳಲ್ಲಿ ಪದರುಗಳು ಒತ್ತೊತ್ತಾಗಿ ಬೀಳುತ್ತವೆ ಎಂದು ನಾನು ಓದಿದ್ದನ್ನು ಹೇಳಿದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಡೆ ಉಗುರನ್ನಿಟ್ಟ.

"ಇಲ್ಲಿ ಬರ ಬಿದ್ದಿತ್ತು ನೋಡು."

ನನಗೆ ಅಲ್ಲಿ ಬೇರೆ ಗೆರೆಗಳಿಗಿಂತ ಹೆಚ್ಚೇನೂ ಕಾಣಲಿಲ್ಲ. ಮಗಳಿಗೆ ಕಂಡಿತು, ಅಥವಾ ಅಜ್ಜನಿಗಾಗಿ ಕಂಡಿತು ಎಂದಳು. ಫೋಟೋ ತೆಗೆದು ದೊಡ್ಡದು ಮಾಡಿ ನೋಡೋಣ ಎಂದು ನಾನು ಮೊಬೈಲ್ ತರುವಷ್ಟರಲ್ಲಿ ಅಪ್ಪ ಅದನ್ನು ಸರಳಿಗೆ ಸಿಕ್ಕಿಸಿ ಚಹಾ ಕುಡಿಯಲು ಹೋಗಿದ್ದ. ಹಸಿರು ಹಕ್ಕಿ ಅಷ್ಟರೊಳಗೆ ಆ ಜಾಗವನ್ನೇ ಕುಕ್ಕತೊಡಗಿತ್ತು.